ಎರಡು ಇಂಟರ್‌ನೆಟ್ ಸಂಪರ್ಕಗಳಿರುವ ಕಚೇರಿಗೆ ಮೈಕ್ರೋಟಿಕ್ ಹೆಕ್ಸ್ ರೌಟರ್

ವಿಜಯಪುರದ ಒಣದ್ರಾಕ್ಷಿ ವರ್ತಕರ ಲೆಕ್ಕಪತ್ರ ನೋಡಿಕೊಳ್ಳುವ ನಮ್ಮ ಕಚೇರಿಯಲ್ಲಿ ಇಂಟರ್‌ನೆಟ್ ನಿಂತರೆ ಇ-ವೇ ಬಿಲ್ ತೆಗೆಯುವುದೂ ನಿಲ್ಲುತ್ತದೆ, ಸರಕು ತುಂಬಿದ ಲಾರಿಯೂ ನಿಲ್ಲುತ್ತದೆ. ಆದ್ದರಿಂದ ಒಂದು ಫೈಬರ್, ಒಂದು 4ಜಿ ಎಂದು ಎರಡು ಸಂಪರ್ಕ ಇಟ್ಟುಕೊಂಡು, ಅವುಗಳಲ್ಲಿ ಯಾವುದನ್ನು ಬಳಸಬೇಕೆಂಬ ನಿರ್ಧಾರವನ್ನು ಲಾಟ್ವಿಯಾದ ಮೈಕ್ರೋಟಿಕ್ ಕಂಪನಿಯ ಹೆಕ್ಸ್ ರೌಟರ್‌ಗೆ ಬಿಟ್ಟಿದ್ದೇವೆ. ನಮ್ಮದು ಆರ್‌ಬಿ750ಜಿಆರ್3 ಮಾದರಿ. ಐದು ಗಿಗಾಬಿಟ್ ಪೋರ್ಟ್‌ಗಳಿವೆ, 256 ಎಂಬಿ ಮೆಮೊರಿಯಿದೆ. ವೈಫೈ ಇಲ್ಲ, ಅದಕ್ಕೆ ಬೇರೆ ಸಾಧನ ಬೇಕು.

ಈ ಪೆಟ್ಟಿಗೆಯ ನಿಜವಾದ ಬೆಲೆ ಇರುವುದು ಅದು ತನ್ನ ಮಾರ್ಗಪಟ್ಟಿಯನ್ನು, ಅಂದರೆ ಯಾವ ವಿಳಾಸಕ್ಕೆ ಯಾವ ದಾರಿ ಎಂಬ ಪಟ್ಟಿಯನ್ನು, ತೆರೆದು ತೋರಿಸುವುದರಲ್ಲಿ. ಒಂದು ವಿಳಾಸಕ್ಕೆ ಹಲವು ಮಾರ್ಗಗಳಿದ್ದಾಗ ರೌಟರ್ ಮೊದಲು ನೋಡುವುದು ಯಾವ ಮಾರ್ಗ ಆ ವಿಳಾಸಕ್ಕೆ ಹೆಚ್ಚು ನಿರ್ದಿಷ್ಟವಾಗಿ ಹೊಂದುತ್ತದೆ ಎಂಬುದನ್ನು. ಒಂದೇ ವಿಳಾಸಕ್ಕಾಗಿ ಬರೆದ /32 ಮಾರ್ಗವಿದ್ದರೆ, ಎಲ್ಲ ವಿಳಾಸಗಳನ್ನೂ ಒಳಗೊಳ್ಳುವ /0 ಡಿಫಾಲ್ಟ್ ಮಾರ್ಗವನ್ನು ಅದು ಕಣ್ಣೆತ್ತಿಯೂ ನೋಡುವುದಿಲ್ಲ. ನಿರ್ದಿಷ್ಟತೆ ಸಮವಾಗಿದ್ದರೆ ಮಾತ್ರ ಡಿಸ್ಟೆನ್ಸ್ ಎಂಬ ಸಂಖ್ಯೆಗೆ ಬೆಲೆ ಬರುತ್ತದೆ, ಕಡಿಮೆ ಇದ್ದದ್ದು ಗೆಲ್ಲುತ್ತದೆ. ನೇರವಾಗಿ ಜೋಡಿಸಿದ ಜಾಲಕ್ಕೆ 0, ನಾವೇ ಬರೆದ ಮಾರ್ಗಕ್ಕೆ 1, ರೌಟರ್‌ಗಳು ಪರಸ್ಪರ ಮಾರ್ಗ ತಿಳಿಸಿಕೊಳ್ಳುವ ಓಎಸ್‌ಪಿಎಫ್ ವಿಧಾನದ ಮೂಲಕ ತಿಳಿದದ್ದಕ್ಕೆ 110 ಎಂಬುದು ಮೂಲ ಹೊಂದಾಣಿಕೆ. ನಾವು ಫೈಬರ್‌ಗೆ 1, 4ಜಿಗೆ 2 ಕೊಟ್ಟಿದ್ದೇವೆ.

ಎರಡಕ್ಕೂ ಒಂದೇ ಸಂಖ್ಯೆ ಕೊಟ್ಟರೆ ಸಂಪರ್ಕಗಳು ಎರಡೂ ಕಡೆ ಹಂಚಿಹೋಗುತ್ತವೆ. ಇದು ಲಾಭವೆಂದು ಕಂಡರೂ ನಮ್ಮಂಥ ಕಚೇರಿಗೆ ನಾನು ಶಿಫಾರಸು ಮಾಡುವುದಿಲ್ಲ, ಏಕೆಂದರೆ ಒಬ್ಬರೇ ಬಳಕೆದಾರರ ಸಂಪರ್ಕಗಳು ಎರಡು ಬೇರೆ ಐಪಿ ವಿಳಾಸಗಳಿಂದ ಹೊರಟಾಗ ಕೆಲವು ಬ್ಯಾಂಕ್ ತಾಣಗಳು ಲಾಗಿನ್ ಕಡಿದುಹಾಕುತ್ತವೆ.

ಕೊಳ್ಳುವವರು ಚೆನ್ನಾಗಿ ತಿಳಿದಿರಬೇಕಾದ ಸಂಗತಿ ಇನ್ನೊಂದಿದೆ. ಫೈಬರ್ ಕೇಬಲ್ ಊರಾಚೆ ಎಲ್ಲೋ ತುಂಡಾದರೂ ಗೋಡೆಯ ಮೇಲಿನ ಮೋಡೆಮ್ ಜೀವಂತವಾಗಿಯೇ ಇರುತ್ತದೆ. ಗೇಟ್‌ವೇ (ಹೊರಹೋಗುವ ಬಾಗಿಲು) ಆದ ಆ ಮೋಡೆಮ್ ಉತ್ತರಿಸುತ್ತಿರುವವರೆಗೆ ರೌಟರ್ ಆ ಮಾರ್ಗವನ್ನು ಸರಿಯಾದದ್ದೆಂದೇ ನಂಬುತ್ತದೆ. ಇದಕ್ಕೆ ಪರಿಹಾರ ರಿಕರ್ಸಿವ್ ಮಾರ್ಗ: 8.8.8.8ನಂಥ ಹೊರಗಿನ ವಿಳಾಸವೊಂದನ್ನು ಫೈಬರ್ ಮೂಲಕವೇ ತಲುಪುವಂತೆ ಕಟ್ಟಿಹಾಕಿ, ಡಿಫಾಲ್ಟ್ ಮಾರ್ಗದ ಗೇಟ್‌ವೇ ಜಾಗದಲ್ಲಿ ಅದೇ ವಿಳಾಸ ಕೊಟ್ಟು, ಆ ವಿಳಾಸ ಉತ್ತರಿಸುತ್ತದೆಯೇ ಎಂದು ನೋಡುವ ಪಿಂಗ್ ಪರೀಕ್ಷೆ ಹಚ್ಚಬೇಕು. ರೌಟರ್ ಹತ್ತು ಸೆಕೆಂಡಿಗೊಮ್ಮೆ ವಿಚಾರಿಸುತ್ತದೆ; ಸತತ ಎರಡು ಸಲ ಉತ್ತರ ಬರದಿದ್ದರೆ 4ಜಿ ಮಾರ್ಗ ತಾನಾಗಿ ಮೇಲೆ ಬರುತ್ತದೆ. ಹೀಗೆ ಕಟ್ಟಿದ ವಿಳಾಸವನ್ನೇ ಕಂಪ್ಯೂಟರ್‌ಗಳ ಡಿಎನ್ಎಸ್ (ತಾಣಗಳ ಹೆಸರನ್ನು ಐಪಿ ವಿಳಾಸವಾಗಿ ಬಿಡಿಸುವ ಸರ್ವರ್) ಆಗಿ ಬಳಸಬಾರದು. ಅದರ /32 ಮಾರ್ಗ ಫೈಬರ್‌ಗೇ ಅಂಟಿಕೊಂಡಿರುವುದರಿಂದ, 4ಜಿ ಸುಸ್ಥಿತಿಯಲ್ಲಿದ್ದರೂ ತಾಣಗಳ ಹೆಸರು ಬಿಡಿಸುವ ಕೆಲಸ ನಿಂತುಬಿಡುತ್ತದೆ.

ಮಾರ್ಗ ಬದಲಾದ ಗಳಿಗೆಯಲ್ಲಿ ನಡೆಯುತ್ತಿದ್ದ ಅಪ್‌ಲೋಡ್ ಕಡಿಯುತ್ತದೆ, ಅದನ್ನು ಮತ್ತೆ ಆರಂಭಿಸಲೇಬೇಕು. ಹೊರಗಿನ ವಿಳಾಸವೇ ಬದಲಾಗುವಾಗ ಇದನ್ನು ಯಾವ ಸಣ್ಣ ರೌಟರ್ ಕೂಡ ತಪ್ಪಿಸಲಾರದು. ಇದರ ತಂತ್ರಾಂಶವಾದ ರೌಟರ್‌ಓಎಸ್‌ನ ಪರದೆಗಳು ಹೊಸಬರಿಗೆ ಸುಲಭವಲ್ಲ, ಆದರೆ ಯಾವ ಮಾರ್ಗ ಈಗ ಚಾಲ್ತಿಯಲ್ಲಿದೆ ಎಂಬುದು ಪಟ್ಟಿಯಲ್ಲಿ ಒಂದೇ ನೋಟಕ್ಕೆ ತಿಳಿಯುತ್ತದೆ. 8ರಿಂದ 30 ವೋಲ್ಟ್‌ವರೆಗೆ ಸ್ವೀಕರಿಸುವುದರಿಂದ 12 ವೋಲ್ಟ್ ಬ್ಯಾಟರಿಯ ಮೇಲೂ ಓಡುತ್ತದೆ. ಜತೆಗೆ ಮೋಡೆಮ್‌ಗೂ ಬ್ಯಾಟರಿ ಆಸರೆ ಕೊಟ್ಟರೆ ಕರೆಂಟ್ ಹೋದಾಗಲೂ ಬಿಲ್ ತೆಗೆಯಬಹುದು.