ಕಪ್ಪು ಪರದೆ: ಬೀಪ್ ಕೇಳಬೇಕೋ, ದೀಪ ನೋಡಬೇಕೋ, ಎಲ್ಲ ಬಿಚ್ಚಬೇಕೋ?

ಆಟಿ ತಿಂಗಳ ಮಳೆ ಜೋರಾಗಿದ್ದ ಒಂದು ಭಾನುವಾರ, ಉಡುಪಿಯ ನಮ್ಮ ಮನೆಯ ಚಾವಡಿಯಲ್ಲಿ ಕೂತು ನಾನೂ ತಂಗಿಯ ಮಗನೂ ಹೊಸ ಕಂಪ್ಯೂಟರ್ ಜೋಡಿಸಿದೆವು. ಐ5-12400 ಪ್ರೊಸೆಸರ್, ಎಟಿಎಕ್ಸ್ ಅಳತೆಯ ಬಿ660 ಮದರ್‌ಬೋರ್ಡ್, 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್, ಒಂದು ಗ್ರಾಫಿಕ್ಸ್ ಕಾರ್ಡ್. ಬಟನ್ ಒತ್ತಿದಾಗ ಫ್ಯಾನೆಲ್ಲ ತಿರುಗಿತು. ಮಾನಿಟರ್‌ನಲ್ಲಿ ಮಾತ್ರ ಏನೂ ಇಲ್ಲ.

"ಎಂಥ ಮಾವ ಇದು? ಎಲ್ಲ ಹೊಸತೇ ಅಲ್ವಾ?" ಎಂದ. ಎರಡು ವರ್ಷ ಕೂಡಿಟ್ಟ ದುಡ್ಡು ಅವನದು. ಮುಖ ನೋಡಿ ಸಂಕಟವಾಯಿತು.

ಮೊದಲು ಸುಲಭದ್ದನ್ನು ನೋಡಿದೆವು. ಎಚ್‌ಡಿಎಂಐ ಕೇಬಲ್ ಬೋರ್ಡಿಗಲ್ಲ, ಗ್ರಾಫಿಕ್ಸ್ ಕಾರ್ಡಿಗೇ ಚುಚ್ಚಿತ್ತು. ಪ್ರೊಸೆಸರ್ ಪಕ್ಕದ 8 ಪಿನ್ ಪವರ್ ಕೇಬಲ್ಲೂ ಇತ್ತು. ಇದನ್ನು ಮರೆತರೂ ಫ್ಯಾನ್ ತಿರುಗುತ್ತದೆ, ಡಿಸ್‌ಪ್ಲೇ ಬರುವುದಿಲ್ಲ. ನಮ್ಮಲ್ಲಿ ಎರಡೂ ಸರಿಯಿತ್ತು. ಆಮೇಲೆ ಎರಡು ದಿನ ನಾಲ್ಕು ದಾರಿ ಹಿಡಿದೆವು.

ಬೀಪ್ ಸ್ಪೀಕರ್ ತೀರಾ ಅಗ್ಗ. ಬೆರಳ ತುದಿಯಷ್ಟಿನ ಸ್ಪೀಕರನ್ನು ಬೋರ್ಡಿನ ಪಿನ್ನಿಗೆ ಸಿಕ್ಕಿಸಿದರೆ ಆಯಿತು, ತೊಂದರೆ ಏನೆಂದು ಬೀಪ್ ಹೊಡೆದು ತಿಳಿಸುತ್ತದೆ. ಯಾವ ಬೀಪ್‌ಗೆ ಯಾವ ಅರ್ಥ ಎಂಬುದು ಬಯೋಸ್ (ಕಂಪ್ಯೂಟರ್ ಶುರುವಾಗುವಾಗ ಮೊದಲು ಓಡುವ, ಬೋರ್ಡಿನಲ್ಲೇ ಇರುವ ಪ್ರೋಗ್ರಾಂ) ಮಾಡಿದವರ ಮೇಲೆ ಹೋಗುತ್ತದೆ, ಮ್ಯಾನುಯಲ್ ತೆರೆದಿಟ್ಟುಕೊಂಡೇ ಕೂರಬೇಕು. ನಮಗಂತೂ ಒಂದು ಬೀಪೂ ಕೇಳಿಸಲಿಲ್ಲ. ಬೋರ್ಡಿನಲ್ಲಿ ದೀಪ ಇಲ್ಲದವರು ಇದನ್ನು ತೆಗೆದುಕೊಳ್ಳಲಿ, ಇದ್ದವರಿಗೆ ಬೇಡ.

ಬೋರ್ಡಿನ ಮೇಲಿನ ದೀಪಗಳು ಇದಕ್ಕಿಂತ ಎಷ್ಟೋ ಮೇಲು. ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂದು ನಾಲ್ಕು ಪುಟ್ಟ ದೀಪ. ಡಿರ‍್ಯಾಮ್ ಅಂದರೆ ರ‍್ಯಾಮ್, ವಿಜಿಎ ಅಂದರೆ ಗ್ರಾಫಿಕ್ಸ್, ಬೂಟ್ ಅಂದರೆ ಸಿಸ್ಟಂ ಇರುವ ಡಿಸ್ಕ್. ಕೆಲಸ ಎಲ್ಲಿ ನಿಂತಿತೋ ಆ ದೀಪ ಉರಿಯುತ್ತಲೇ ಇರುತ್ತದೆ. ನಮ್ಮದು ಡಿರ‍್ಯಾಮ್‌ನಲ್ಲಿ ನಿಂತಿತು. ಸರಿ, ರ‍್ಯಾಮ್‌ದೇ ತೊಂದರೆ ಎಂದುಕೊಂಡೆವು. ಒಂದೇ ರ‍್ಯಾಮನ್ನು ಎ2 ಸ್ಲಾಟಿಗೆ, ಅಂದರೆ ಪ್ರೊಸೆಸರ್ ಕಡೆಯಿಂದ ಎರಡನೆಯದಕ್ಕೆ, ಟಕ್ ಎನ್ನುವವರೆಗೆ ಒತ್ತಿದೆವು. ಮತ್ತೊಂದನ್ನೂ ಹಾಗೇ ಹಾಕಿ ನೋಡಿದೆವು. ಬಯೋಸ್ ಸೆಟ್ಟಿಂಗ್ ಅಳಿಯಲಿ ಎಂದು ಬೋರ್ಡಿನ ಸಿಮಾಸ್ ಬ್ಯಾಟರಿ ತೆಗೆದು ಮತ್ತೆ ಹಾಕಿದೆವು. ರಾತ್ರಿ ಹನ್ನೊಂದಾದರೂ ಅದೇ ದೀಪ. ಆಗ ಗೊತ್ತಾಯಿತು, ಕೆಲಸ ಎಲ್ಲಿ ನಿಂತಿತು ಎಂದು ದೀಪ ಹೇಳುತ್ತದೆ, ಯಾಕೆ ನಿಂತಿತು ಎಂದು ಹೇಳುವುದಿಲ್ಲ. ಪ್ರೊಸೆಸರ್ ಕೂರುವ ಸಾಕೆಟ್‌ನಲ್ಲಿ ಒಂದು ಪಿನ್ ಬಾಗಿದ್ದರೂ ಡಿರ‍್ಯಾಮ್ ದೀಪವೇ ಉರಿಯಬಹುದು.

ಮೂರನೆಯದು ಬಿಡಿಭಾಗ ಬದಲಿಸಿ ನೋಡುವುದು. ಮಣಿಪಾಲದಲ್ಲಿರುವ ಗೆಳೆಯನ ರ‍್ಯಾಮ್ ನಮ್ಮದರಲ್ಲಿ ಓಡಲಿಲ್ಲ, ನಮ್ಮ ರ‍್ಯಾಮ್ ಅವನದರಲ್ಲಿ ಚೆನ್ನಾಗಿ ಓಡಿತು. ರ‍್ಯಾಮ್ ಸರಿಯಿದೆ ಎಂದು ಖಾತ್ರಿಯಾಯಿತು, ಅಷ್ಟೇ. ಆದರೆ ಬೋರ್ಡ್, ಪ್ರೊಸೆಸರ್ ಯಾರ ಹತ್ತಿರ ಕೇಳುವುದು? ಕೊಂಡ ಅಂಗಡಿ ಮಂಗಳೂರಿನಲ್ಲಿ. ಫೋನ್ ಮಾಡಿದರೆ, "ತಂದು ಬಿಡಿ, ಒಂದು ವಾರ ಆಗ್ತದೆ" ಎಂದರು.

ಬಯೋಸ್ ಅಪ್‌ಡೇಟ್ ಮಾಡುವ ಯೋಚನೆಯೂ ಬಂತು. 12ನೇ ತಲೆಮಾರಿನ 12400ಕ್ಕೆ ಬಿ660ರಲ್ಲಿ ಅದು ಬೇಕಿಲ್ಲ, 13ನೇ ತಲೆಮಾರಿನ ಪ್ರೊಸೆಸರ್ ಹಳೆಯ ಸ್ಟಾಕಿನ ಬೋರ್ಡಿಗೆ ಹಾಕಿದರೆ ಬೇಕಾಗಬಹುದು. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೆಂದು ಹೇಳಲಾಗದು. ಅಪ್‌ಡೇಟ್ ಅರ್ಧದಲ್ಲಿ ನಿಂತರೆ ಬೋರ್ಡೇ ಕೈಕೊಡಬಹುದು. ಯುಪಿಎಸ್ ಇಲ್ಲದೆ ದಯವಿಟ್ಟು ಮುಟ್ಟಬೇಡಿ.

ಸೋಮವಾರ ಸಂಜೆ ನಾಲ್ಕನೆಯ ದಾರಿ. ಬೋರ್ಡನ್ನೇ ಕ್ಯಾಬಿನೆಟ್‌ನಿಂದ ಹೊರಗೆ ತೆಗೆದು, ಅದು ಬಂದ ರಟ್ಟಿನ ಪೆಟ್ಟಿಗೆಯ ಮೇಲಿಟ್ಟೆವು. ಹೊಳೆಯುವ ಆ್ಯಂಟಿಸ್ಟ್ಯಾಟಿಕ್ ಕವರಿನ ಮೇಲೆ ಇಡಬೇಡಿ, ಅದರ ಹೊರಮೈಯಲ್ಲಿ ಕರೆಂಟ್ ಹರಿಯಬಹುದು. ಪ್ರೊಸೆಸರ್, ಕೂಲರ್, ಎ2ನಲ್ಲಿ ಒಂದು ರ‍್ಯಾಮ್, 24 ಪಿನ್ ಮತ್ತು 8 ಪಿನ್ ಪವರ್ ಕೇಬಲ್, ಇಷ್ಟೇ. ಗ್ರಾಫಿಕ್ಸ್ ಕಾರ್ಡೂ ಇಲ್ಲ. 12400ರೊಳಗೇ ಗ್ರಾಫಿಕ್ಸ್ ಇರುವುದರಿಂದ ಎಚ್‌ಡಿಎಂಐ ಈಗ ಬೋರ್ಡಿಗೆ. ಪವರ್ ಸ್ವಿಚ್ಚಿನ ಎರಡು ಪಿನ್ನಿಗೆ ಸ್ಕ್ರೂಡ್ರೈವರ್ ತುದಿಯನ್ನು ಒಂದು ಕ್ಷಣ ತಾಗಿಸಿದೆ. ಡಿರ‍್ಯಾಮ್ ದೀಪ ಹೊತ್ತಿತು, ಆರಿತು. ಪರದೆಯ ಮೇಲೆ ಲೋಗೋ ಬಂತು! ಹುಡುಗ ಅಡುಗೆಮನೆಗೆ ಓಡಿ ಅಮ್ಮನನ್ನು ಕರೆತಂದ.

ಹಾಗಾದರೆ ತೊಂದರೆ ಇದ್ದದ್ದು ಕ್ಯಾಬಿನೆಟ್‌ನಲ್ಲಿ. ಬೋರ್ಡನ್ನು ತಗಡಿನಿಂದ ಎತ್ತಿ ಹಿಡಿಯಲು ಹಿತ್ತಾಳೆಯ ಗಿಡ್ಡ ಕಂಬಗಳಿರುತ್ತವಲ್ಲ, ಸ್ಟ್ಯಾಂಡಾಫ್, ಅವನ್ನು 244 ಮಿಲಿಮೀಟರ್ ಉದ್ದದ ಮೈಕ್ರೋ ಎಟಿಎಕ್ಸ್ ಬೋರ್ಡಿಗೆ ಹೊಂದುವಂತೆ ಮೊದಲೇ ಕೂರಿಸಿದ್ದರು. ನಮ್ಮದು 305 ಮಿಲಿಮೀಟರಿನ ಎಟಿಎಕ್ಸ್. ಕೊರತೆ ಬಿದ್ದ ಕಂಬಗಳನ್ನು ನಾವು ಹಾಕಿದ್ದೆವು, ಹೆಚ್ಚಾದದ್ದನ್ನು ತೆಗೆದಿರಲಿಲ್ಲ. ತೂತೇ ಇಲ್ಲದ ಕಡೆ ಒಂದು ಕಂಬ ಬೋರ್ಡಿನ ಬೆನ್ನಿಗೆ ಒತ್ತಿಕೊಂಡು ಶಾರ್ಟ್ ಮಾಡುತ್ತಿತ್ತು. ಬೋರ್ಡ್ ತಿರುಗಿಸಿ ಟಾರ್ಚ್ ಬಿಟ್ಟು ನೋಡಿದರೆ ಉಗುರಿನಷ್ಟೂ ಅಗಲವಿಲ್ಲದ ದುಂಡನೆಯ ಗುರುತು. ಆ ಕಂಬ ಕಿತ್ತು ಮತ್ತೆ ಜೋಡಿಸಿದೆವು, ಆವತ್ತಿನಿಂದ ಸರಿಯಾಗಿ ಓಡುತ್ತಿದೆ.

ನನ್ನನ್ನು ಕೇಳಿದರೆ, ದೀಪವನ್ನು ಹತ್ತು ನಿಮಿಷ ನೋಡಿ, ರ‍್ಯಾಮ್ ಒಮ್ಮೆ ತೆಗೆದು ಮತ್ತೆ ಹಾಕಿ, ಆಮೇಲೆ ನೇರವಾಗಿ ಬೋರ್ಡ್ ಹೊರಗೆ ತೆಗೆಯಿರಿ. ಕೂಲರ್ ಬಿಚ್ಚದಿದ್ದರೆ ಒಂದು ಗಂಟೆಯ ಕೆಲಸ, ಯಾರ ಹತ್ತಿರವೂ ಏನೂ ಕೇಳಬೇಕಿಲ್ಲ. ಒಂದು ಮಾತು ಮಾತ್ರ ನೆನಪಿರಲಿ. ನಿಮ್ಮದು 12400ಎಫ್ ಥರ ಕೊನೆಗೆ ಎಫ್ ಇರುವ ಪ್ರೊಸೆಸರ್ ಆದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ, ಬೋರ್ಡಿನ ಎಚ್‌ಡಿಎಂಐಯಿಂದ ಚಿತ್ರ ಬರುವುದೇ ಇಲ್ಲ. ಆಗ ಪೆಟ್ಟಿಗೆಯ ಮೇಲೂ ಗ್ರಾಫಿಕ್ಸ್ ಕಾರ್ಡ್ ಚುಚ್ಚಿ, ಅದು ವಾಲದಂತೆ ಕೈಯಲ್ಲಿ ಹಿಡಿದುಕೊಂಡೇ ನೋಡಬೇಕು.