ಡಾರ್ಜಿಲಿಂಗಿನ ಪದ್ಮಜಾ ನಾಯ್ಡು ಪ್ರಾಣಿ ಉದ್ಯಾನ: ಹಿಮಾಲಯದ ಜೀವಿಗಳಿಗೆ ಮೀಸಲಾದ ಬೆಟ್ಟ

ಡಾರ್ಜಿಲಿಂಗಿಗೆ ಹೋಗುವ ನಮ್ಮವರಲ್ಲಿ ಬಹಳಷ್ಟು ಮಂದಿ ಟೈಗರ್ ಹಿಲ್ಲಿನ ಸೂರ್ಯೋದಯ, ಪುಟಾಣಿ ರೈಲು ಮತ್ತು ಚಹಾ ತೋಟಗಳಿಗೆ ಮೊದಲು ಸಮಯ ಗೊತ್ತುಮಾಡಿಕೊಂಡು, ಕೊನೆಗೆ ಉಳಿದ ಒಂದು ಗಂಟೆಯನ್ನು ಪದ್ಮಜಾ ನಾಯ್ಡು ಹಿಮಾಲಯನ್ ಪ್ರಾಣಿ ಉದ್ಯಾನಕ್ಕೆ ಕೊಡುತ್ತಾರೆ. ಈ ಕ್ರಮವನ್ನು ತಿರುವುಮುರುವು ಮಾಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಮೋಡ ಕವಿದರೆ ಸೂರ್ಯೋದಯ ಕೈತಪ್ಪುತ್ತದೆ. ಈ ಉದ್ಯಾನವಾದರೋ ಮಂಜು ಮುಸುಕಿದ ದಿನವೂ ನೋಡಲು ಯೋಗ್ಯವಾಗಿರುತ್ತದೆ, ಏಕೆಂದರೆ ಇಲ್ಲಿರುವ ಪ್ರಾಣಿಗಳು ಮಂಜಿಗೂ ಚಳಿಗೂ ಹೊಂದಿಕೊಂಡೇ ಬದುಕಿದವು.

ಸಮುದ್ರಮಟ್ಟದಿಂದ ಸುಮಾರು 7,000 ಅಡಿ ಎತ್ತರದಲ್ಲಿ, ಹಿಂದೆ ಬರ್ಚ್ ಹಿಲ್ ಎಂದು ಕರೆಯುತ್ತಿದ್ದ ಜವಾಹರ್ ಪರ್ವತದ ಇಳಿಜಾರಿನಲ್ಲಿ, 1958ರ ಆಗಸ್ಟ್ 14ರಂದು ಈ ಉದ್ಯಾನ ಆರಂಭವಾಯಿತು. ಸರೋಜಿನಿ ನಾಯ್ಡು ಅವರ ಮಗಳೂ ಪಶ್ಚಿಮ ಬಂಗಾಳದ ರಾಜ್ಯಪಾಲರೂ ಆಗಿದ್ದ ಪದ್ಮಜಾ ನಾಯ್ಡು ಅವರ ಹೆಸರನ್ನು 1975ರಲ್ಲಿ ಇದಕ್ಕೆ ಇಡಲಾಯಿತು. ವಿಸ್ತಾರ 67 ಎಕರೆಗಿಂತ ಸ್ವಲ್ಪ ಹೆಚ್ಚು. 1892ರಲ್ಲಿ ಆರಂಭವಾದ ನಮ್ಮ ಮೈಸೂರಿನ ಚಾಮರಾಜೇಂದ್ರ ಮೃಗಾಲಯದಲ್ಲಿ ಜಿರಾಫೆಯಿಂದ ಗೊರಿಲ್ಲಾದವರೆಗೆ ಹಲವು ಖಂಡಗಳ ಜೀವಿಗಳನ್ನು ಕಂಡು ಬೆಳೆದವರಿಗೆ ಡಾರ್ಜಿಲಿಂಗಿನ ಪಟ್ಟಿ ಮೊದಲಿಗೆ ಚಿಕ್ಕದೆನಿಸಬಹುದು. ಆದರೆ ಈ ಉದ್ಯಾನ ತನ್ನ ಗಮನವನ್ನೆಲ್ಲ ಪೂರ್ವ ಹಿಮಾಲಯದ ಮತ್ತು ಅದರಾಚೆಯ ಎತ್ತರದ ಪ್ರದೇಶಗಳ ಜೀವಿಗಳ ಮೇಲೆಯೇ ಇಟ್ಟುಕೊಂಡಿದೆ. ಇದರ ನಿಜವಾದ ಬಲ ಇರುವುದು ಆ ಕಟ್ಟುಪಾಡಿನಲ್ಲಿ. ಹೊರಗಿನ ಹವೆಯೇ ಪ್ರಾಣಿಗಳ ಸಹಜ ಹವೆಗೆ ಹತ್ತಿರವಾಗಿರುವುದರಿಂದ, ಬಯಲುಸೀಮೆಯ ಮೃಗಾಲಯಗಳಲ್ಲಿ ಚಳಿನಾಡಿನ ಪ್ರಾಣಿಯನ್ನು ಕಂಡಾಗ ಮನಸ್ಸಿಗಾಗುವ ಕಸಿವಿಸಿ ಇಲ್ಲಿ ಆಗುವುದಿಲ್ಲ.

ದಕ್ಷಿಣದವರಿಗೆ ಇಲ್ಲಿ ಇನ್ನೊಂದು ಲಾಭವಿದೆ. ನಾವು ಬಲ್ಲ ಪ್ರಾಣಿಗಳ ದೂರದ ಬಂಧುಗಳು ಇಲ್ಲಿ ಎದುರಾಗುತ್ತವೆ. ಹೊಸಪೇಟೆಯ ಸಮೀಪದ ದರೋಜಿಯಲ್ಲಿ ಕರಡಿಯನ್ನು ನೋಡಿದವರು ಹಿಮಾಲಯದ ಕಪ್ಪು ಕರಡಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು: ಗೆದ್ದಲು ಹೀರಲು ಅನುವಾದ ನಮ್ಮ ಕರಡಿಯ ನೀಳ ಮೂತಿಯಾಗಲಿ ಕೆದರಿದ ಉದ್ದ ಕೂದಲಾಗಲಿ ಇದಕ್ಕಿಲ್ಲ, ಕಿವಿ ದೊಡ್ಡದು, ದುಂಡು, ಎದೆಯ ಮೇಲೆ ಮಾತ್ರ ಎರಡಕ್ಕೂ ಬಿಳಿಚಿದ ಗುರುತಿದೆ. ಮುನ್ನಾರಿನ ಎರವಿಕುಲಂನಲ್ಲಿ ನೀಲಗಿರಿ ತಾರ್ ಎಂಬ ಕಾಡುಮೇಕೆಯನ್ನು ಕಂಡವರಿಗೆ ಹಿಮಾಲಯನ್ ತಾರ್ ಕೂಡ ಅಷ್ಟೇ ಕುತೂಹಲಕರ. ಕೊರಳ ಸುತ್ತ ದಟ್ಟವಾದ ಕೇಸರವಿರುವ ಗಂಡು ಕಡಿದಾದ ಬಂಡೆಯ ಮೇಲೆ ಜಾರದೆ ನಿಲ್ಲುವುದು ಗೊರಸಿನ ನಡುವಿನ ಮೆತ್ತನೆಯ ಭಾಗದ ಹಿಡಿತದಿಂದ. ನೀಲಿ ಕುರಿ, ಟಿಬೆಟಿನ ತೋಳ, ಮೊನಾಲ್ ಹಕ್ಕಿ ಇವೆಲ್ಲವೂ ಇವೆ. ಬಂಗಾಳ ಹುಲಿಯೂ ಇದೆ, ಜನ ಹೆಚ್ಚಾಗಿ ಸೇರುವುದೂ ಅಲ್ಲಿಯೇ. ಬಂಡೀಪುರ, ನಾಗರಹೊಳೆಗಳ ನಾಡಿನಿಂದ ಹೋದವರು ಆ ಗುಂಪಿನಲ್ಲಿ ಸಮಯ ಕಳೆಯಬೇಕಾಗಿಲ್ಲ.

ಆ ಸಮಯ ಸಲ್ಲಬೇಕಾದದ್ದು ಕೆಂಪು ಪಾಂಡಾಕ್ಕೆ. ಹೆಸರಿನಲ್ಲಿ ಪಾಂಡಾ ಇದ್ದರೂ ಇದು ಚೀನಾದ ಕಪ್ಪು-ಬಿಳುಪು ಪಾಂಡಾದ ಕುಟುಂಬಕ್ಕೆ ಸೇರಿದ್ದಲ್ಲ. ತನ್ನದೇ ಆದ ಪ್ರತ್ಯೇಕ ಕುಟುಂಬದಲ್ಲಿ ಇಂದು ಉಳಿದಿರುವುದು ಇದೊಂದೇ ಬಗೆಯ ಜೀವಿ. ಬೆನ್ನು ಕೆಂಗಂದು, ಹೊಟ್ಟೆ ಮತ್ತು ಕಾಲುಗಳು ಕಪ್ಪು, ಬಾಲದ ತುಂಬ ಬಳೆಬಳೆಯಾದ ಪಟ್ಟೆಗಳು. ಪಾಚಿ ಕಟ್ಟಿದ ಮರದ ಮೇಲೆ ಇರುವ ಪಾಂಡಾವನ್ನು ಕೆಳಗಿನಿಂದ ಗುರುತಿಸುವುದು ಎಷ್ಟು ಕಷ್ಟವೆಂಬುದು ಅಲ್ಲಿ ನಿಂತು ಹುಡುಕಿದಾಗಲೇ ತಿಳಿಯುತ್ತದೆ. ಅದರ ಮುಖ್ಯ ಆಹಾರ ಬಿದಿರೆಲೆ; ಅದರಿಂದ ದೊರೆಯುವ ಪೋಷಣೆ ಅಲ್ಪವಾದ್ದರಿಂದ ದಿನದ ಬಹುಭಾಗ ಕೊಂಬೆಯ ಮೇಲೆ ಮಲಗಿಯೇ ಶಕ್ತಿ ಉಳಿಸಿಕೊಳ್ಳುತ್ತದೆ. ಆದ್ದರಿಂದ ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಒಳಹೋಗಿ, ಬೇರೆ ಯಾವುದನ್ನೂ ನೋಡುವ ಮೊದಲು ನೇರವಾಗಿ ಇದರ ಆವರಣಕ್ಕೆ ನಡೆಯುವುದು ಒಳ್ಳೆಯದು.

ಹಿಮ ಚಿರತೆಯ ವಿಷಯ ಬೇರೆ. ಭಾರತದಲ್ಲಿ ನಡೆದ ಮೊದಲ ರಾಷ್ಟ್ರೀಯ ಅಂದಾಜಿನ ಪ್ರಕಾರ, ಅಂದರೆ 2024ರ ಜನವರಿಯಲ್ಲಿ ಪ್ರಕಟವಾದ ವರದಿಯಂತೆ, ದೇಶದಲ್ಲಿರುವ ಹಿಮ ಚಿರತೆಗಳು 718. ಅವುಗಳಲ್ಲಿ 477 ಲಡಾಖಿನಲ್ಲಿವೆ. ಡಾರ್ಜಿಲಿಂಗಿನ ನೆರೆಯ ಸಿಕ್ಕಿಮಿನಲ್ಲಿ 21 ಮಾತ್ರ. ಕೊರೆಯುವ ಚಳಿಯಲ್ಲಿ ದಿನಗಟ್ಟಲೆ ಕಾದರೂ ಕಾಡಿನಲ್ಲಿ ಕಾಣುವುದು ಖಚಿತವಿಲ್ಲದ ಪ್ರಾಣಿಯನ್ನು ಹತ್ತಿರದಿಂದ ನೋಡುವ ಅವಕಾಶ ದೊರೆಯುವುದು ಸಣ್ಣ ಸಂಗತಿಯಲ್ಲ. ಅದು ಒಳಗಿನ ಮರೆಯಲ್ಲಿ ಮಲಗಿದ್ದರೆ ಬೇಸರಪಡದೆ ಮುಂದೆ ಸಾಗಿ, ಹಿಂದಿರುಗುವಾಗ ಮತ್ತೊಮ್ಮೆ ಇಣುಕುವುದೇ ಸರಿಯಾದ ದಾರಿ. ಕೂಗಿ ಎಬ್ಬಿಸುವ ಪ್ರವಾಸಿಗರನ್ನು ಕಂಡಾಗ ನನಗೆ ಬಹಳ ನೋವಾಯಿತು.

ಪ್ರವಾಸಿಗರ ಕಣ್ಣಿಗೆ ಬೀಳದ ಕೆಲಸವೇ ಈ ಸಂಸ್ಥೆಯ ಮುಖ್ಯ ಕೆಲಸವೆಂದು ನಾನು ತಿಳಿಯುತ್ತೇನೆ. ತೋಪ್ಕೆ ದಾರಾ ಎಂಬಲ್ಲಿರುವ ಇದರ ಸಂತಾನಾಭಿವೃದ್ಧಿ ಕೇಂದ್ರಕ್ಕೆ ಸಾರ್ವಜನಿಕರಿಗೆ ಪ್ರವೇಶವಿಲ್ಲ. ಉದ್ಯಾನದ ಆರೈಕೆಯಲ್ಲಿ ಬೆಳೆದ ಸ್ವೀಟಿ ಮತ್ತು ಮಿನಿ ಎಂಬ ಎರಡು ಹೆಣ್ಣು ಕೆಂಪು ಪಾಂಡಾಗಳನ್ನು 2003ರಲ್ಲಿ, ನೇಪಾಳದ ಗಡಿಗೆ ಹೊಂದಿಕೊಂಡಿರುವ ಸಿಂಗಲೀಲಾ ರಾಷ್ಟ್ರೀಯ ಉದ್ಯಾನಕ್ಕೆ ಬಿಡಲಾಯಿತು. ಮಿನಿ ಬೇಟೆಯಾಡುವ ಪ್ರಾಣಿಯೊಂದಕ್ಕೆ ಬಲಿಯಾಯಿತು. ಸ್ವೀಟಿ ಕಾಡಿನ ಗಂಡಿನೊಡನೆ ಕೂಡಿ ಮರಿ ಹಾಕಿತು. 2022ರಿಂದ 2024ರ ನಡುವೆ ಇನ್ನೂ ಒಂಬತ್ತು ಪಾಂಡಾಗಳು ಅದೇ ಕಾಡನ್ನು ಸೇರಿದವು. ನಾವು ಕೊಳ್ಳುವ ಟಿಕೆಟ್ಟು ಇಂಥ ಕೆಲಸ ಮಾಡುವ ಸಂಸ್ಥೆಗೆ ಸಲ್ಲುತ್ತದೆಂಬ ಅರಿವು ಬಂದಾಗ, ಬೇಲಿಯಾಚೆಯ ಪಾಂಡಾವನ್ನು ನೋಡುವ ನಮ್ಮ ದೃಷ್ಟಿಯೇ ಬದಲಾಗುತ್ತದೆ.

ಕಷ್ಟವೆಂದರೆ ಏರು. ಒಳಗಿನ ಹಾದಿಗಳು ಇಳಿಜಾರಿನಲ್ಲಿಯೇ ಸಾಗುವುದರಿಂದ ಮಂಡಿನೋವಿನ ಹಿರಿಯರನ್ನು ಕರೆದೊಯ್ಯುವವರು ಅಲ್ಲಲ್ಲಿ ಕೂತು ಸುಧಾರಿಸಿಕೊಳ್ಳುವಷ್ಟು ಬಿಡುವು ಇಟ್ಟುಕೊಳ್ಳಬೇಕು. ಮಳೆಗಾಲದಲ್ಲಿ ಜಾರದ ಪಾದರಕ್ಷೆ ಅತ್ಯಗತ್ಯ. ಅದೇ ಆವರಣದಲ್ಲಿ, 1954ರಲ್ಲಿ ಸ್ಥಾಪನೆಯಾದ ಹಿಮಾಲಯನ್ ಪರ್ವತಾರೋಹಣ ಸಂಸ್ಥೆಯೂ ಅದರ ಸಂಗ್ರಹಾಲಯವೂ ಇವೆ. ಅದರ ಮೊದಲ ಕ್ಷೇತ್ರ ತರಬೇತಿ ನಿರ್ದೇಶಕರಾಗಿದ್ದ ತೇನ್‌ಸಿಂಗ್ ನೋರ್ಗೆ ಅವರ ಪ್ರತಿಮೆಯೂ ಅಲ್ಲಿದೆ. ಎರಡಕ್ಕೂ ಒಂದೇ ಟಿಕೆಟ್ ಸಾಕು. ಆದರೆ ಎರಡನ್ನೂ ನೆಮ್ಮದಿಯಿಂದ ನೋಡಲು ಅರ್ಧ ದಿನ ಬೇಕೇ ಬೇಕು. ಬಾಡಿಗೆ ಕಾರಿನವರೊಡನೆ ಮಾತಾಡುವಾಗ ಈ ಅರ್ಧ ದಿನವನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳುವುದು ಮೇಲು. ಊರಿನ ನಡುವಿನ ಚೌಕವಾದ ಚೌರಸ್ತಾದಲ್ಲಿ ತಂಗಿದವರು ಕಾರಿನ ಗೊಡವೆಯಿಲ್ಲದೆ ನಡೆದೇ ಹೋಗಬಹುದು. ಗುರುವಾರ ಉದ್ಯಾನಕ್ಕೆ ರಜೆ.