ಗೆಸ್ಟ್ ಬೈದರೆ ಇಂಗ್ಲಿಷ್‌ನಲ್ಲಿ ಏನು ಬರೆಯೋದು? ಚಿಕ್ಕಮಗಳೂರಿನ ಭಾನುವಾರದ ಕ್ಲಾಸ್ ಬಗ್ಗೆ

ಹೋಂಸ್ಟೇ ನಡೆಸುವವರಿಗೆ, ಲಾಡ್ಜ್ ಕೌಂಟರ್‌ನಲ್ಲಿ ಕೂರುವವರಿಗೆ ಅಂತಲೇ ಚಿಕ್ಕಮಗಳೂರು ಪೇಟೆಯಲ್ಲಿ ಭಾನುವಾರ ಮಧ್ಯಾಹ್ನ ಒಂದು ಇಂಗ್ಲಿಷ್ ಕ್ಲಾಸ್ ನಡೆಯುತ್ತದೆ. ಮಾಮೂಲಿ ಸ್ಪೋಕನ್ ಇಂಗ್ಲಿಷ್ ಅಲ್ಲ. ಗೆಸ್ಟ್ ದೂರು ಹೇಳಿದಾಗ ಮರ್ಯಾದೆಯಾಗಿ ಉತ್ತರ ಕೊಡುವುದು ಹೇಗೆ, ಅಷ್ಟೇ ವಿಷಯ. ಫೀಸು 2,500 ರೂಪಾಯಿ. ಕೆಳಗೆ ಒಂದಿಷ್ಟು ಟೀಕೆಯೂ ಇರುವುದರಿಂದ ಸಂಸ್ಥೆಯ ಹೆಸರು ಬರೆಯುತ್ತಿಲ್ಲ.

ನಮ್ಮದು ಕೊಟ್ಟಿಗೆಹಾರದ ಹತ್ತಿರ ಮೂರು ರೂಮಿನ ಹೋಂಸ್ಟೇ. ನಾನು ಓದಿದ್ದು ಕನ್ನಡ ಮೀಡಿಯಂ. ಇಂಗ್ಲಿಷ್ ಓದಿದರೆ ತಿಳಿಯುತ್ತದೆ, ಬಂದವರ ಜೊತೆ ಮಾತೂ ಹೇಗೋ ನಡೆಯುತ್ತದೆ. ಆದರೆ ಮಳೆಗಾಲದಲ್ಲಿ ಸೋಲಾರ್ ನೀರು ಬಿಸಿಯಾಗಲ್ಲ. ಕರೆಂಟು ಹೋದರೆ ಬರುವುದು ಯಾವಾಗಲೋ. ತೋಟಕ್ಕೆ ಕಾಲಿಟ್ಟರೆ ಉಂಬಳ. ಇದೆಲ್ಲ ಗೂಗಲ್‌ನಲ್ಲಿ ಒಂದು ಸ್ಟಾರ್ ಆಗಿ ಕೂರುತ್ತದೆ. ಮಗಳು ಎಐ ಹತ್ತಿರ ಉತ್ತರ ಬರೆಸಿ ಕೊಡುತ್ತಿದ್ದಳು. ಇಂಗ್ಲಿಷ್ ಚೆನ್ನಾಗಿಯೇ ಇತ್ತು. ಫೈವ್ ಸ್ಟಾರ್ ಹೋಟೆಲಿನ ಮ್ಯಾನೇಜರ್ ಬರೆದ ಹಾಗೆ ಇತ್ತು, ತೊಂದರೆ ಅದೇ. ನಮ್ಮ ಅಡುಗೆಮನೆ ಬಾಗಿಲಲ್ಲಿ ಕೂತು ಅಕ್ಕಿರೊಟ್ಟಿ ತಿಂದು ಹೋದವರು ಅದನ್ನು ನಾನು ಬರೆದದ್ದು ಅಂತ ನಂಬುತ್ತಾರಾ?

ಕಲಿಸುವ ಮೇಡಂ ಬೆಂಗಳೂರಿನ ಕಾಲ್ ಸೆಂಟರ್‌ನಲ್ಲಿ ದುಡಿದು ಊರಿಗೆ ವಾಪಸ್ ಬಂದವರು. ಗ್ರಾಮರ್ ಪುಸ್ತಕ ಮುಟ್ಟುವುದಿಲ್ಲ. ನಮ್ಮನಮ್ಮ ರಿವ್ಯೂಗಳನ್ನೇ ಗೋಡೆ ಮೇಲೆ ಹಾಕಿಸುತ್ತಾರೆ. ಸಕಲೇಶಪುರ ಕಡೆಯವರೊಬ್ಬರಿಗೆ ಬಂದದ್ದು ಹೀಗಿತ್ತು: 'ವಾಟರ್ ವಾಸ್ ಐಸ್ ಕೋಲ್ಡ್. ಓನರ್ ಡಿಡ್ ನಾಟ್ ಕೇರ್.' ಅವರು ಕೊಟ್ಟಿದ್ದ ಉತ್ತರ: 'ಸಾರಿ ಇಫ್ ಯು ಫೆಲ್ಟ್ ಲೈಕ್ ದಟ್, ಬಟ್ ಯು ಡಿಡ್ ನಾಟ್ ಟೆಲ್ ಅಸ್.' ತಪ್ಪೇನೂ ಕಾಣಲ್ಲ, ಅಲ್ವಾ? ಮೇಡಂ ಮೂರು ಕಡೆ ಕೆಂಪು ಗೆರೆ ಎಳೆದರು. 'ಇಫ್' ಅಂದಕೂಡಲೇ ನೀರು ತಣ್ಣಗಿದ್ದದ್ದು ಗೆಸ್ಟ್‌ನ ಭ್ರಮೆ ಅಂದ ಹಾಗಾಯಿತು. 'ಬಟ್' ಬಂದರೆ ಅದರ ಹಿಂದಿನ ಸಾರಿ ಸುಮ್ನೆ. 'ಯು ಡಿಡ್ ನಾಟ್' ಅಂದರೆ ಜಗಳ ಶುರು.

ಆಮೇಲೆ ಎಲ್ಲರೂ ಸೇರಿ ಹೊಸದಾಗಿ ಬರೆದೆವು. 'ಐ ಆಮ್ ಸಾರಿ ದಟ್ ದಿ ವಾಟರ್ ವಾಸ್ ಕೋಲ್ಡ್. ಅವರ್ ಸೋಲಾರ್ ಹೀಟರ್ ಡಸ್ ನಾಟ್ ವರ್ಕ್ ವೆಲ್ ಇನ್ ಹೆವಿ ರೇನ್. ವಿ ಶುಡ್ ಹ್ಯಾವ್ ಟೋಲ್ಡ್ ಯು. ನೌ ವಿ ಹೀಟ್ ವಾಟರ್ ಆನ್ ದಿ ಫೈರ್ ಆಲ್ ಥ್ರೂ ದಿ ಮಾನ್ಸೂನ್.' ಹೈಸ್ಕೂಲ್ ಇಂಗ್ಲಿಷ್ ಸಾಕು ಇದಕ್ಕೆ. ಮಳೆಗೆ ಕ್ಷಮೆ ಕೇಳಿಲ್ಲ, ಮೊದಲೇ ಹೇಳದೇ ಇದ್ದದ್ದಕ್ಕೆ ಕೇಳಿದೆ. ಕೊನೇ ಸಾಲು ನಿಜವಾಗಬೇಕಾದರೆ ಬಚ್ಚಲ ಹಂಡೆಗೆ ಬೆಂಕಿ ಹಾಕಲೇಬೇಕು ಅಂತ ಅವರ ಹೆಂಡತಿ ಅಲ್ಲೇ ಗೊಣಗಿದರು.

ಬೈದು ಹೋದವರು ಮತ್ತೆ ಬರುವುದು ಕಡಿಮೆ. ಮುಂದಿನ ಜುಲೈಗೆ ರೂಮ್ ಹುಡುಕುತ್ತಿರುವವರು ಈ ಉತ್ತರ ಓದುತ್ತಾರೆ, ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯಿರಿ ಅಂದದ್ದು ನನಗೆ ಇಡೀ ಕೋರ್ಸಿನಲ್ಲಿ ಜಾಸ್ತಿ ಉಪಯೋಗಕ್ಕೆ ಬಂತು. ಅವಸರವೂ ಇಲ್ಲವಂತೆ. ಏರ್‌ಬಿಎನ್‌ಬಿಯಲ್ಲಿ ಗೆಸ್ಟ್‌ಗೆ ರಿವ್ಯೂ ಬರೆಯಲು 14 ದಿನ, ಅದಕ್ಕೆ ನಾವು ಉತ್ತರ ಕೊಡಲು 30 ದಿನ ಇರುತ್ತದೆ. ಗೂಗಲ್‌ನಲ್ಲಾದರೆ ಹಾಕಿದ ಉತ್ತರವನ್ನು ಆಮೇಲೂ ತಿದ್ದಬಹುದು. ರಾತ್ರಿ ಹನ್ನೊಂದಕ್ಕೆ ಕೋಪದಲ್ಲಿ ಟೈಪ್ ಮಾಡುವ ಅಗತ್ಯ ಯಾರಿಗೂ ಇಲ್ಲ.

ಇನ್ನೊಂದು ಪಾಠವೂ ಚೆನ್ನಾಗಿತ್ತು. ನಾವು 'ಹೇಳಿ', 'ಬನ್ನಿ' ಅಂದರೆ ಮರ್ಯಾದೆ ಅದರಲ್ಲೇ ಬಂದುಬಿಡುತ್ತದೆ. ಆ ಅಭ್ಯಾಸದಲ್ಲೇ 'ಟೆಲ್ ಮಿ ಯುವರ್ ಬುಕಿಂಗ್ ಡೇಟ್' ಅನ್ನುತ್ತೇವೆ, ಕೇಳುವವರಿಗೆ ಪೊಲೀಸ್ ವಿಚಾರಣೆ. ಮುಂದೆ 'ಕೈಂಡ್ಲಿ' ಸೇರಿಸಿದರೂ ಆರ್ಡರ್ ಆರ್ಡರೇ. 'ಕುಡ್ ಯು ಟೆಲ್ ಮಿ' ಅನ್ನಬೇಕು. ಪೂರ್ತಿ ದುಡ್ಡು ವಾಪಸ್ ಕೇಳುವವರಿಗೂ ಒಂದು ದಾರಿ ಹೇಳಿಕೊಟ್ಟರು. 'ಐ ಕೆನಾಟ್ ರಿಫಂಡ್ ದಿ ಫುಲ್ ಅಮೌಂಟ್' ಅಂತ ನೇರವಾಗಿ ಹೇಳಿ, ಬೆನ್ನಿಗೇ 'ವಾಟ್ ಐ ಕ್ಯಾನ್ ಡೂ ಈಸ್' ಅಂತ ಶುರು ಮಾಡಿ ಏನು ಕೊಡಬಲ್ಲಿರೋ ಅದನ್ನು ಹೇಳುವುದು. 'ವಿ ವಿಲ್ ಸೀ' ಮಾತ್ರ ಬೇಡ. ಅವರು ಕಾಯುತ್ತಾ ಕೂರುತ್ತಾರೆ, ಆಮೇಲೆ ಇನ್ನೊಂದು ರಿವ್ಯೂ.

ಈಗ ಟೀಕೆ. ಕೈಗೆ ಕೊಡುವ ಜೆರಾಕ್ಸ್ ಹಾಳೆಯ ತುಂಬ 'ವಿ ರಿಗ್ರೆಟ್ ದಿ ಇನ್‌ಕನ್ವೀನಿಯನ್ಸ್ ಕಾಸ್ಡ್' ಥರದ ಸವಕಲು ಸಾಲುಗಳೇ. ಮೇಡಂ ಬೇಡ ಅಂದದ್ದನ್ನೇ ಅವರ ಸಂಸ್ಥೆ ಅಚ್ಚು ಹಾಕಿಸಿದೆ. ಒಂದು ಭಾನುವಾರ ಅವರು ಬರದೇ ಟೈ ಕಟ್ಟಿದ ಹುಡುಗನೊಬ್ಬ ಬಂದು 'ವಾಟರ್' ಅನ್ನುವುದನ್ನು ಅಮೆರಿಕದವರ ಹಾಗೆ ಹೇಳಿಸಿದ. ನಮ್ಮಲ್ಲಿಗೆ ಬರುವವರು ಬೆಂಗಳೂರು, ಹೈದರಾಬಾದಿನವರು. ಯಾರಿಗೆ ಬೇಕಿತ್ತು ಅದು? ಎದುರಿಗೇ ನಿಂತು ಕೂಗಾಡುವವರ ಪಾಠವೂ ಸಪ್ಪೆ. ಗೆಸ್ಟ್ ಪಾತ್ರ ಮಾಡಿದ ಮೂಡಿಗೆರೆಯವರು ಎಷ್ಟು ಹೇಳಿದರೂ ನನ್ನ ಮೇಲೆ ರೇಗಲೇ ಇಲ್ಲ. 'ಇರ್ಲಿ ಬಿಡಿ ಅಕ್ಕ' ಅಂತ ನಕ್ಕರು. ನಿಜವಾದ ಗೆಸ್ಟ್ ಹಿಂದಿ ಇಂಗ್ಲಿಷ್ ಎರಡೂ ಬೆರೆಸಿ ಒಂದೇ ಉಸಿರಿಗೆ ಬೈಯುತ್ತಾರೆ. ಅದಕ್ಕೆ ಇಲ್ಲಿ ತಯಾರಿ ಸಿಗಲ್ಲ. ಮತ್ತೆ, ಚಿಕ್ಕಮಗಳೂರಿನಲ್ಲಿ ಕೂರಿಸಿಕೊಂಡು ಸ್ಯಾಶೆ ಕಾಫಿ ಕೊಡುತ್ತಾರೆ. ಆ ವಿಷಯದಲ್ಲಿ ನನ್ನ ದೂರು ಕನ್ನಡದಲ್ಲೇ ಹೇಳಿಬಂದೆ.

ಬರೆಯುವ ಉತ್ತರಕ್ಕಾಗಿ ಹೋಗುವವರಿಗೆ ದುಡ್ಡಿಗೆ ಮೋಸವಿಲ್ಲ. ಇಂಗ್ಲಿಷ್ ಓದಲು ಬಾರದವರಿಗೆ ಇದು ಬೇಡ, ಅವರು ಹಿಂದೆ ಬೀಳುತ್ತಾರೆ. ಕಾಫಿ ಕೊಯ್ಲಿನ ಹೊತ್ತಿನಲ್ಲಿ ಬ್ಯಾಚ್ ಇರಲ್ಲ, ಸೇರುವ ಮೊದಲು ಫೋನ್ ಮಾಡಿ ಕೇಳಿ. ನಿಮ್ಮ ಕೆಟ್ಟ ರಿವ್ಯೂಗಳನ್ನು ಪ್ರಿಂಟ್ ತೆಗೆಸಿಕೊಂಡು ಹೋಗಿ. ಒಳ್ಳೆಯವನ್ನು ತಂದರೆ ಮೇಡಂ ನೋಡುವುದೇ ಇಲ್ಲ.